ದಿನಕ್ಕೆ ನಾಲ್ಕು ಪೀರಿಯಡ್

ಬ್ಯಾಂಕಿನಿಂದ ಚೆಕ್ಕು ವಾಪಸ್ ಬಂತು. ಸಹಿ ಹೊಂದುತ್ತಿಲ್ಲವಂತೆ. 33 ವರ್ಷ ಹಾಜರಿ ಪುಸ್ತಕಕ್ಕೆ, ಪ್ರಾಕ್ಟಿಕಲ್ ಜರ್ನಲ್‌ಗಳಿಗೆ, ಇಂಟರ್ನಲ್ ಮಾರ್ಕ್ಸ್ ಪಟ್ಟಿಗಳಿಗೆ ನೋಡದೆಯೇ ಹಾಕಿದ ಸಹಿ ಅದು. ನಾನೇ ಹೋಗಿ ಕೌಂಟರಿನಲ್ಲಿ ನಿಂತೆ. ಅಲ್ಲಿದ್ದ ಹುಡುಗ ಹಳೆಯ ಸಹಿಯನ್ನು ಕಂಪ್ಯೂಟರಿನಲ್ಲಿ ತೋರಿಸಿದ, ಪಕ್ಕದಲ್ಲಿ ಚೆಕ್ಕು ಹಿಡಿದ. ಮೊದಲ ಅಕ್ಷರ ಸರಿಯಾಗಿಯೇ ಇತ್ತು. ಆಮೇಲೆ ಒಂದೊಂದೇ ಅಕ್ಷರ ಕುಗ್ಗುತ್ತಾ ಹೋಗಿ ಕೊನೆಗೆ ಇರುವೆ ಸಾಲಿನ ಹಾಗಾಗಿತ್ತು. "ಇದು ನಿಮ್ದ ಏನ್ರಿ ಸರ?" ಅಂದ. ನನ್ನದೇ. ವಯಸ್ಸಾಯ್ತಲ್ಲ ಅಂತ ನಕ್ಕು, ಹೊಸ ಸಹಿ ಕೊಟ್ಟು ಬಂದೆ. ಅದು 2017.

ನಾನು ಧಾರವಾಡದ ಒಂದು ಅನುದಾನಿತ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. 2016ರಲ್ಲಿ, 60 ತುಂಬಿದ ತಿಂಗಳ ಕೊನೆಗೆ, ಶಾಲು, ಹಾರ, ಒಂದು ಗೋಡೆ ಗಡಿಯಾರ ತೆಗೆದುಕೊಂಡು ಮನೆಗೆ ಬಂದೆ. ಗಡಿಯಾರ ಯಾಕೆ ಕೊಡುತ್ತಾರೋ, ಇನ್ನು ಟೈಮು ನೋಡುವ ಕೆಲಸ ಇಲ್ಲ ಅನ್ನುವಾಗ! ನನ್ನ ಲೆಕ್ಕಾಚಾರ ಬೇರೆ ಇತ್ತು. ಮೂವತ್ತು ವರ್ಷ ಕಲಘಟಗಿ, ಹಳಿಯಾಳ, ದಾಂಡೇಲಿ ಕಡೆ ಸುತ್ತಿ ಒಣಗಿಸಿಟ್ಟ ಗಿಡಗಳ ಹಾಳೆಗಳು ಆರು ಟ್ರಂಕಿನಲ್ಲಿದ್ದವು. ಅವನ್ನೆಲ್ಲ ಹೆಸರು ಹಚ್ಚಿ ಸಾಲಾಗಿ ಜೋಡಿಸಿ, ನಮ್ಮ ಸುತ್ತಲಿನ ಗಿಡಗಳ ಬಗ್ಗೆ ಕನ್ನಡದಲ್ಲಿ ಒಂದು ದಪ್ಪ ಪುಸ್ತಕ ಬರೆಯುವುದು. ಐದು ವರ್ಷ ಸಾಕು ಅಂದುಕೊಂಡಿದ್ದೆ.

ಅದಕ್ಕೂ ಮೊದಲೇ ರೋಗ ಬಂದು ಕೂತಿತ್ತು, ನನಗೆ ಗೊತ್ತಿರಲಿಲ್ಲ ಅಷ್ಟೇ. ಬಲ ಭುಜ ನೋಯುತ್ತಿತ್ತು. ಕಪ್ಪುಹಲಗೆಗೆ ಬರೆದು ಬರೆದು ಹೀಗಾಗಿದೆ ಅಂದುಕೊಂಡೆ, ಮೂಳೆ ಡಾಕ್ಟರೂ ಭುಜ ಹಿಡಿದುಕೊಂಡಿದೆ ಅಂತ ಆರು ತಿಂಗಳು ಕಾವು ಕೊಡಿಸಿದರು. ಮಲಬದ್ಧತೆ ಶುರುವಾಗಿತ್ತು, ಇಸಬ್‌ಗೋಲ್ ಕುಡಿಯುತ್ತಿದ್ದೆ. ರಾತ್ರಿ ಕನಸಿನಲ್ಲಿ ಕೈಕಾಲು ಬಡಿಯುತ್ತಿದ್ದೆನಂತೆ. "ರಾತ್ರಿಯೆಲ್ಲ ಯಾರ ಜೋಡಿ ಜಗಳಾ ಆಡ್ತೀರಿ, ನನ್ನ ಮೊಳಕಾಲು ನೋಡ್ರಿ" ಅಂತ ಹೆಂಡತಿ ಬೆಳಿಗ್ಗೆ ತೋರಿಸುತ್ತಿದ್ದಳು. ಇದೆಲ್ಲಕ್ಕಿಂತ ಮೊದಲು ಹೋಗಿದ್ದು ಮೂಗು. ಲಕ್ಕಿ ಎಲೆ ತಿಕ್ಕಿ ಮೂಸಿದರೆ ಏನೂ ಇಲ್ಲ. ಟ್ರಂಕಿನಲ್ಲಿ ಡಾಂಬರು ಗುಳಿಗೆ ಮುಗಿದಿದೆಯೋ ಇದೆಯೋ ತಿಳಿಯುತ್ತಿರಲಿಲ್ಲ. ಗಿಡ ಗುರುತಿಸುವವನಿಗೆ ಮೂಗು ಅಂದರೆ ಅರ್ಧ ಕಣ್ಣು. ಆದರೂ ನೆಗಡಿ ಅಂತ ಸುಮ್ನೆ ಬಿಟ್ಟಿದ್ದೆ. ಭುಜ, ಹೊಟ್ಟೆ, ಕನಸು, ಮೂಗು, ಸಹಿ. ಇವೈದನ್ನೂ ಒಂದೇ ಗಿಡದ ಕೊಂಬೆಗಳು ಅಂತ ಯಾರಿಗೆ ಅನ್ನಿಸಬೇಕು?

ಅನ್ನಿಸಿದ್ದು ಮಗಳಿಗೆ. ಬೆಂಗಳೂರಿನಿಂದ ಬಂದಿದ್ದಳು. ಕೆಲಗೇರಿ ಕೆರೆ ದಂಡೆಯ ಮೇಲೆ ನಡೆಯುವಾಗ ಹಿಂದಿನಿಂದ ಕರೆದಳು. "ಅಪ್ಪಾ, ನಿನ್ನ ಎಡಗೈ ಬೀಸ್ತದ, ಬಲಗೈ ಯಾಕ ಬೀಸವಲ್ದು?"

ಹುಬ್ಬಳ್ಳಿಯ ನರರೋಗ ತಜ್ಞರು ಸ್ಕ್ಯಾನ್ ನೋಡುವುದಕ್ಕಿಂತ ಜಾಸ್ತಿ ಹೊತ್ತು ನನ್ನನ್ನು ನೋಡಿದರು. ಹೆಬ್ಬೆರಳಿಗೆ ತೋರುಬೆರಳು ಬಡಿಯಲು ಹೇಳಿದರು, ನಡೆಸಿದರು, ತಿರುಗಿಸಿದರು, ಹಿಂದೆ ನಿಂತು ಎರಡೂ ಭುಜ ಹಿಡಿದು ಗಕ್ಕನೆ ಎಳೆದರು. ಮಣಿಕಟ್ಟು ಹಿಡಿದು ತಿರುವಿದಾಗ ಹಲ್ಲಿನ ಚಕ್ರದ ಹಾಗೆ ಕಟ್ಕಟ್ ಅಂತಿತ್ತು. ಪಾರ್ಕಿನ್ಸನ್ ಅಂದರು. "ನನಗೆ ಕೈ ನಡುಗುವುದೇ ಇಲ್ವಲ್ಲ?" ಅಂದೆ. ಎಲ್ಲರಿಗೂ ನಡುಗಬೇಕೆಂದಿಲ್ಲ, ನಿಮ್ಮದು ನಿಧಾನವಾಗುವ, ಬಿಗಿಯಾಗುವ ಬಗೆ ಅಂದರು. ಇದಕ್ಕೆ ಸರಳವಾದ ರಕ್ತ ಪರೀಕ್ಷೆ ಅಂತ ಇಲ್ಲ, ಹೀಗೆ ನೋಡಿಯೇ ಹೇಳುವುದು. ನನಗೆ ಆ ಮನುಷ್ಯರ ಮೇಲೆ ಅಲ್ಲಿಯೇ ನಂಬಿಕೆ ಬಂತು. ನಾನೂ ಹುಡುಗರಿಗೆ ಇದನ್ನೇ ಹೇಳುತ್ತಿದ್ದೆ: ಹೂ ಕಿತ್ತು ಲೆನ್ಸ್ ಹಿಡಿಯುವ ಮುಂಚೆ ಗಿಡ ಹೇಗೆ ನಿಂತಿದೆ ನೋಡ್ರಿ.

ಆಮೇಲೆ ಓದಿ ತಿಳಿದೆ, ಈ ರೋಗವನ್ನು ಮೊದಲು ವಿವರವಾಗಿ ಬರೆದ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಕೂಡ ಹೀಗೇ ಮಾಡಿದ್ದು. 1817ರಲ್ಲಿ ಬರೆದಿದ್ದು ಬರೀ ಆರು ಜನರ ಬಗ್ಗೆ, ಅದರಲ್ಲೂ ಕೆಲವರು ಬೀದಿಯಲ್ಲಿ ಕಂಡವರು. ಆತ ಪಳೆಯುಳಿಕೆ ಕೂಡಿಸುವ ಹುಚ್ಚನೂ ಹೌದು. ನಮ್ಮ ಬಳಗದವನು.

ಮಿದುಳಿನ ಬುಡದಲ್ಲಿ ಕಪ್ಪಗೆ ಕಾಣುವ ಒಂದು ಪುಟ್ಟ ಜಾಗ ಇದೆ. ಅಲ್ಲಿನ ಕೋಶಗಳು ಡೋಪಮಿನ್ ಎಂಬ ರಾಸಾಯನಿಕ ತಯಾರಿಸುತ್ತವೆ. ಅವು ಸಾಯುತ್ತಾ ಬಂದರೆ ಈ ರೋಗ. ನಡಿಗೆ, ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಅರ್ಧಕ್ಕಿಂತ ಜಾಸ್ತಿ ಕೋಶ ಹೋಗಿರುತ್ತವಂತೆ. ಸತ್ತದ್ದನ್ನು ಮತ್ತೆ ಹುಟ್ಟಿಸುವ ಔಷಧಿ ಇನ್ನೂ ಇಲ್ಲ. ಕೊರತೆ ತುಂಬುವ ಔಷಧಿ ಇದೆ, ಲೆವೊಡೋಪಾ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಪ್ರತಿ ವರ್ಷ ಔಷಧಿ ಸಸ್ಯಗಳ ಪಾಠದಲ್ಲಿ ಸರ್ಪಗಂಧ ಹೇಳುತ್ತಿದ್ದೆ. ಬೇರಿನಿಂದ ರೆಸರ್ಪಿನ್, ಬಿಪಿ ಇಳಿಸುತ್ತದೆ, ಎರಡು ಮಾರ್ಕಿನ ಪ್ರಶ್ನೆ, ಮುಂದಿನ ಗಿಡ. ಅದರ ಉಳಿದರ್ಧ ಕತೆ ನನಗೆ ಗೊತ್ತಾಗಿದ್ದು ರೋಗಿಯಾದ ಮೇಲೆ. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮತ್ತು ಸಂಗಡಿಗರು 1957ರಲ್ಲಿ ಮೊಲಗಳಿಗೆ ಅದೇ ರೆಸರ್ಪಿನ್ ಚುಚ್ಚಿದರು. ಮೊಲಗಳು ಅಲ್ಲಾಡದೆ ಕೂತವು, ಕಿವಿ ಜೋತುಬಿದ್ದವು. ಆಮೇಲೆ ಡೋಪಾ, ಅಂದರೆ ಡೋಪಮಿನ್ ಆಗಿ ಬದಲಾಗುವ ವಸ್ತು, ಕೊಟ್ಟರು. ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. ಪಾರ್ಕಿನ್ಸನ್ ರೋಗಕ್ಕೆ ಔಷಧಿಯ ದಾರಿ ತೆರೆದದ್ದು ಅಲ್ಲಿಂದ, 2000ದಲ್ಲಿ ಕಾರ್ಲ್‌ಸನ್‌ಗೆ ನೊಬೆಲ್ ಬಂತು. ಅಂದರೆ ನಾನು 33 ವರ್ಷ ಕಲಿಸಿದ ಗಿಡದ ಬೇರು ನನ್ನ ಗುಳಿಗೆಯ ಕತೆಯೊಳಗೇ ಇತ್ತು! ಕ್ಲಾಸಿನಲ್ಲಿ ಇದನ್ನು ಹೇಳಿದ್ದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ತಡವಾಯಿತು.

ಇದೇ ಜಾಡಿನಲ್ಲಿ ನಸುಗುನ್ನಿ. ಕಾಯಿಯ ರೋಮ ತಾಗಿದರೆ ಮೈಯೆಲ್ಲ ತುರಿಸುವ ಬಳ್ಳಿ. ಅದರ ಬೀಜದಲ್ಲಿ ಲೆವೊಡೋಪಾವೇ ಇದೆ, ನೂರಕ್ಕೆ ಸುಮಾರು ಐದು ಪಾಲು. ಆಯುರ್ವೇದದಲ್ಲಿ ಕಪಿಕಚ್ಛು ಅಂತಾರೆ. ಸುದ್ದಿ ತಿಳಿದ ಮೇಲೆ ಬಂದವರೆಲ್ಲ ಅದರ ಪುಡಿ ಡಬ್ಬಿ ತಂದರು, "ನೀವೇ ಬಾಟನಿ ಸರ, ನಿಮಗ ಗೊತ್ತಿಲ್ಲೇನ್ರಿ" ಅಂತ. ಗೊತ್ತಿತ್ತು, ಅದಕ್ಕೇ ತಿನ್ನಲಿಲ್ಲ. ಬೀಜದಿಂದ ಬೀಜಕ್ಕೆ, ಗಿಡದಿಂದ ಗಿಡಕ್ಕೆ ಪ್ರಮಾಣ ಬೇರೆ. ಒಂದು ಚಮಚೆಯಲ್ಲಿ ಎಷ್ಟು ಮಿಲಿಗ್ರಾಂ ಹೋಯಿತು ಅಂತ ತಿಳಿಯದೆ ಗುಳಿಗೆಯ ಜೊತೆ ಅದನ್ನೂ ತಿಂದರೆ, ಡಾಕ್ಟರು ಹಾಕಿಕೊಟ್ಟ ಲೆಕ್ಕ ಪೂರಾ ತಪ್ಪುತ್ತದೆ. ಗುಳಿಗೆಯಲ್ಲಿ ಲೆವೊಡೋಪಾ ಜೊತೆ ಕಾರ್ಬಿಡೋಪಾ ಅಂತ ಇನ್ನೊಂದಿದೆ. ಮಿದುಳು ಮುಟ್ಟುವ ಮೊದಲೇ ಮೈಯಲ್ಲಿ ಖರ್ಚಾಗದ ಹಾಗೆ ಅದು ಕಾಯುತ್ತದೆ, ವಾಕರಿಕೆ ಕಡಿಮೆ ಮಾಡುತ್ತದೆ. ಬೀಜದ ಪುಡಿಯಲ್ಲಿ ಈ ಕಾವಲುಗಾರ ಇಲ್ಲ. ಡಬ್ಬಿ ತಂದವರಿಗೆ ಇಷ್ಟೆಲ್ಲ ಹೇಳುವುದಿಲ್ಲ. ಚಹಾ ಕೊಟ್ಟು, ಡಬ್ಬಿ ಇಟ್ಟುಕೊಂಡು, ಥ್ಯಾಂಕ್ಸ್ ಅನ್ನುತ್ತೇನೆ.

ಮೊದಲ ಎಂಟು ತಿಂಗಳು ಯಾರಿಗೂ ಹೇಳಲಿಲ್ಲ. ಬಲಗೈ ಕಿಸೆಯಲ್ಲಿಟ್ಟುಕೊಂಡೇ ತಿರುಗಿದೆ. ಹಳೆಯ ಸಹೋದ್ಯೋಗಿಗಳು ಸಂಜೆ ಕೂಡುವ ಕಟ್ಟೆಗೆ ಹೋಗುವುದು ಬಿಟ್ಟೆ. ಒಬ್ಬ ಹಳೆಯ ಶಿಷ್ಯ ಲೈನ್ ಬಜಾರಿನಲ್ಲಿ ಸಿಕ್ಕು ಮಾತಾಡಿಸಿದ, ಸ್ವಲ್ಪ ಹೊತ್ತಿಗೆ ಅವನ ಮುಖವೇ ಸಪ್ಪಗಾಯಿತು. "ಸರ, ನಮ್ಮ ಮ್ಯಾಲ ಸಿಟ್ಟೇನ್ರಿ?" ಅಂದ. ನನಗೆ ಅವನನ್ನು ನೋಡಿ ಎಷ್ಟು ಖುಷಿಯಾಗಿತ್ತು! ಮುಖದ ಸ್ನಾಯು ಬಿಗಿಯಾಗಿ ನಗು ಹೊರಗೆ ಬರುತ್ತಿರಲಿಲ್ಲ. ಅವತ್ತು ಮನೆಗೆ ಬಂದು ಕನ್ನಡಿ ಮುಂದೆ ನಿಂತು ನಕ್ಕೆ. ನಿಜವಾಗಿಯೂ ಸಿಟ್ಟಾದ ಮನುಷ್ಯನ ಹಾಗೇ ಕಾಣುತ್ತಿದ್ದೆ. ಮರುದಿನದಿಂದ ಸಿಕ್ಕವರಿಗೆಲ್ಲ ಮೊದಲ ಮಾತೇ ಇದು: ನನಗೆ ಪಾರ್ಕಿನ್ಸನ್ ಇದೆ, ಮುಖ ನಗುವುದಿಲ್ಲ, ಒಳಗೆ ನಗುತ್ತಿದ್ದೇನೆ ಅಂತ ತಿಳಿದುಕೊಳ್ಳಿ. ಹೇಳಿದ ಮೇಲೆ ಮಾತು ಸಲೀಸಾಯಿತು. ಆ ಎಂಟು ತಿಂಗಳ ಮಂಕು ಬರೀ ನಾಚಿಕೆ ಅಲ್ಲ, ಮನಸ್ಸು ಕುಗ್ಗುವುದೂ ಈ ರೋಗದ್ದೇ ಒಂದು ಭಾಗ ಅಂತ ಡಾಕ್ಟರು ಹೇಳಿ ಅದಕ್ಕೂ ಗುಳಿಗೆ ಕೊಟ್ಟರು. ತೆಗೆದುಕೊಂಡೆ. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ.

ಲೆವೊಡೋಪಾ ಶುರುವಾದ ಮೊದಲ ಎರಡು ವರ್ಷ ಹಬ್ಬ. ದಿನಕ್ಕೆ ಮೂರು ಗುಳಿಗೆ, ರೋಗವೇ ಇಲ್ಲವೇನೋ ಅನ್ನುವ ಹಾಗೆ. ಲಾಕ್‌ಡೌನಿನಲ್ಲಿ ಮಾಳಿಗೆ ಮೇಲೆ ದಿನಾ ಒಂದು ತಾಸು ನಡೆಯುತ್ತಿದ್ದೆ. ಆಮೇಲೆ ಗುಳಿಗೆಯ ಶಕ್ತಿ ಬೇಗ ಇಳಿಯತೊಡಗಿತು. ಇಳಿದಾಗ ಕೈಕಾಲು ಕಟ್ಟಿಹಾಕಿದ ಹಾಗೆ, ಗುಂಡಿ ಹಾಕಲು ಹತ್ತು ನಿಮಿಷ. ಮುಂದಿನ ಗುಳಿಗೆ ನುಂಗಿ ಮುಕ್ಕಾಲು ತಾಸಾದರೆ ಮತ್ತೆ ಮನುಷ್ಯ. ಆನ್, ಆಫ್ ಅಂತಾರೆ ಇದಕ್ಕೆ, ನಳದ ನೀರು ಬಂದಂತೆ ಹೋದಂತೆ.

ಒಂದು ವಾರ ಹಾಳೆಯ ಮೇಲೆ ಅರ್ಧರ್ಧ ತಾಸಿಗೆ ಗುರುತು ಹಾಕಿದೆ. ಯಾವಾಗ ನುಂಗಿದೆ, ಯಾವಾಗ ಏರಿತು, ಯಾವಾಗ ಇಳಿಯಿತು, ಏನು ತಿಂದಿದ್ದೆ. ಆ ಹಾಳೆ ಡಾಕ್ಟರಿಗೆ ಕೊಟ್ಟೆ. ಹದಿನೈದು ನಿಮಿಷದ ಭೇಟಿಯಲ್ಲಿ ನನ್ನ ಕುಗ್ಗಿದ ದನಿಯಲ್ಲಿ ವರ್ಣನೆ ಮಾಡುವುದಕ್ಕಿಂತ ಅದು ನೂರು ಪಾಲು ಮೇಲು. ಅದನ್ನು ನೋಡಿಯೇ ಅವರು ಐದು ಗುಳಿಗೆ ಮಾಡಿದರು: 6ಕ್ಕೆ, 9.30ಕ್ಕೆ, 1ಕ್ಕೆ, 4.30ಕ್ಕೆ, ರಾತ್ರಿ 8ಕ್ಕೆ. ಎರಡು ಗುಳಿಗೆಗಳ ನಡುವೆ ಎರಡು, ಎರಡೂಕಾಲು ತಾಸು ಒಳ್ಳೆಯ ಹೊತ್ತು. ಕೂಡಿಸಿ ನೋಡಿದರೆ ದಿನಕ್ಕೆ ನಾಲ್ಕು ಪೀರಿಯಡ್! ಬೀಳ್ಕೊಡುಗೆಯ ಗಡಿಯಾರವನ್ನು ಆವತ್ತು ಅಟ್ಟದಿಂದ ಇಳಿಸಿ ಊಟದ ಮನೆಯಲ್ಲಿ ಹಾಕಿದೆ.

ಕಾಲೇಜಿನವನಿಗೆ ಟೈಮ್‌ಟೇಬಲ್ ಹೊಸದಲ್ಲ. ಮೊದಲ ಪೀರಿಯಡ್ಡು ಮೈಗೆ: ಶೌಚ, ಸ್ನಾನ, ಅಂಗಿ, ನಡಿಗೆ, ತಿಂಡಿ. ಎರಡನೆಯದು ತಲೆಗೆ. ಬರೆಯುವುದು, ಓದುವುದು, ಬ್ಯಾಂಕು, ಫೋನು, ಬಂದವರ ಜೊತೆ ಮಾತು. ಇದರಲ್ಲಿ ಎರಡು ಕೆಲಸ ತುರುಕಬಾರದು, ಒಂದೇ. ಮೂರನೆಯದರಲ್ಲಿ ಊಟ ಮತ್ತು ಹಗುರದ ಕೆಲಸ. ನಾಲ್ಕನೆಯದು ಸಂಜೆಯದು, ಗೆಳೆಯರದು. ನಡುವಿನ ಆಫ್ ಹೊತ್ತಿನಲ್ಲಿ ಏನನ್ನೂ ತೀರ್ಮಾನಿಸುವುದಿಲ್ಲ, ಯಾರ ಮೇಲೂ ರೇಗುವುದಿಲ್ಲ (ಪ್ರಯತ್ನ ಪಡುತ್ತೇನೆ), ಕುರ್ಚಿಯಲ್ಲಿ ಕೂತು ರೇಡಿಯೋ ಕೇಳುತ್ತೇನೆ. ಆಫ್ ಹೊತ್ತಿನಲ್ಲಿ ಜಗತ್ತು ಮುಳುಗಿದ ಹಾಗೆ ಅನ್ನಿಸುತ್ತದೆ. ಗುಳಿಗೆ ಏರಿದ ಮೇಲೆ ನೋಡಿದರೆ ಅದೇ ಜಗತ್ತು ಎಂದಿನ ಹಾಗೆ ಇರುತ್ತದೆ.

ಊಟದ್ದು ಬೇರೆಯೇ ಪಾಠ. ಲೆವೊಡೋಪಾ ಒಂದು ಅಮೈನೋ ಆಮ್ಲ. ಪ್ರೋಟೀನು ಕರಗಿ ಬರುವ ಅಮೈನೋ ಆಮ್ಲಗಳೂ ಅದೂ ಕರುಳಿನಲ್ಲಿ, ಆಮೇಲೆ ಮಿದುಳಿನ ಬಾಗಿಲಿನಲ್ಲಿ, ಒಂದೇ ದಾರಿಯಲ್ಲಿ ನುಗ್ಗಬೇಕು. ರೊಟ್ಟಿ ಜೊತೆ ಎರಡು ಸೌಟು ಮಡಿಕೆಕಾಳು ಪಲ್ಯ, ಮೇಲೊಂದು ಬಟ್ಟಲು ಗಟ್ಟಿ ಮೊಸರು ತಿಂದ ಮಧ್ಯಾಹ್ನ ನನ್ನ ಗುಳಿಗೆ ಬಸ್ಸು ತಪ್ಪಿದ ಪ್ರಯಾಣಿಕನ ಹಾಗೆ ಹೊರಗೇ ನಿಂತಿರುತ್ತಿತ್ತು. ಎಲ್ಲರಿಗೂ ಹೀಗಾಗುವುದಿಲ್ಲ, ನನಗೆ ಆಗುತ್ತಿತ್ತು, ಹಾಳೆಯಲ್ಲಿ ಕಾಣುತ್ತಿತ್ತು. ಈಗ ಊಟಕ್ಕೆ ಮುಕ್ಕಾಲು ತಾಸು ಮೊದಲು ಗುಳಿಗೆ. ಹಗಲು ಅವಲಕ್ಕಿ, ಉಪ್ಪಿಟ್ಟು, ರೊಟ್ಟಿ, ಕಾಯಿಪಲ್ಯ. ಕಾಳು, ಬೇಳೆ, ಮೊಸರು ರಾತ್ರಿಗೆ. ಪ್ರೋಟೀನು ಪೂರ್ತಿ ಬಿಟ್ಟರೆ ಮೈ ಸೊರಗುತ್ತದೆ, ಅದು ಬೇಡ. ಧಾರವಾಡದಲ್ಲಿ ಇದ್ದುಕೊಂಡು ಮಧ್ಯಾಹ್ನ ಮೊಸರಿಲ್ಲದೆ ಎದ್ದೇಳುವುದು ಸಣ್ಣ ಮಾತಲ್ಲ, ಆದರೆ ನನ್ನ ಮೂರನೆಯ ಪೀರಿಯಡ್ಡು ಉಳಿದಿದ್ದು ಇದರಿಂದಲೇ.

ಈ ಟೈಮ್‌ಟೇಬಲ್ ತಪ್ಪಿದಾಗ ಏನಾಯಿತು ಹೇಳುತ್ತೇನೆ. ಒಂದು ಸಂಸ್ಥೆಯವರು ಉಪನ್ಯಾಸಕ್ಕೆ ಕರೆದಿದ್ದರು. 10.30ಕ್ಕೆ ಅಂದರು. 9.30ರ ಗುಳಿಗೆ ನುಂಗಿ ಸರಿಯಾಗಿ ಹೋಗಿ ಕೂತೆ. ಪ್ರಾರ್ಥನೆ, ಸ್ವಾಗತ, ದೀಪ, ಅದು ಗಾಳಿಗೆ ಆರಿ ಮತ್ತೆ ದೀಪ, ಪ್ರಾಸ್ತಾವಿಕ ನುಡಿ, ನನ್ನ ಪರಿಚಯ (ನನಗೇ ಗೊತ್ತಿಲ್ಲದ ಸಾಧನೆಗಳು), ಮುಖ್ಯ ಅತಿಥಿಗಳ ಎರಡು ಮಾತು ಅನ್ನುವ ನಲವತ್ತು ನಿಮಿಷ, ಸನ್ಮಾನ, ಫೋಟೋ. ಮೈಕಿನ ಮುಂದೆ ನಾನು ನಿಂತಾಗ 12.15. ಐದು ನಿಮಿಷ ಮಾತಾಡಿದೆ. ಆರನೆಯ ನಿಮಿಷಕ್ಕೆ ದನಿ ಹೋಯಿತು. ಕೈಯಲ್ಲಿದ್ದ ಹಾಳೆ ತಿರುವಲು ಆಗಲಿಲ್ಲ. ಹಿಂದಿನ ಸಾಲಿನವರು ಮೈಕು ಕೆಟ್ಟಿದೆ ಅಂತ ಕೂಗಿದರು. ಪಾಪ, ಮೈಕಿನ ಹುಡುಗ ವಯರು ಹುಡುಕುತ್ತಿದ್ದ. ಪೋಡಿಯಂ ಹಿಡಿದು ನಿಂತೇ ಇದ್ದೆ, ಕೆಳಗಿಳಿಯಲೂ ಕಾಲು ಏಳಲಿಲ್ಲ. ಇಬ್ಬರು ಹಿಡಿದು ಇಳಿಸಿದರು.

33 ವರ್ಷ ಮೈಕಿಲ್ಲದೆ 120 ಹುಡುಗರ ಕೊನೆಯ ಬೆಂಚು ಮುಟ್ಟಿಸಿದ ದನಿ ಅದು. ಎರಡು ವಾರ ಯಾರ ಫೋನೂ ಎತ್ತಲಿಲ್ಲ. ಆಮೇಲೆ ಕರೆಯುವವರಿಗೆಲ್ಲ ಒಂದು ಷರತ್ತು ಹಾಕಿದೆ: ಬಂದ ಕೂಡಲೇ ಮೊದಲು ನಾನು ಮಾತಾಡುತ್ತೇನೆ, ಕೂತು ಮಾತಾಡುತ್ತೇನೆ, ಇಪ್ಪತ್ತೈದು ನಿಮಿಷ. ದೀಪ, ಶಾಲು, ಹಾರ ಎಲ್ಲ ಆಮೇಲೆ, ಆಗ ನಾನು ಆಫ್ ಆಗಿದ್ದರೂ ನಡೆಯುತ್ತದೆ, ಸನ್ಮಾನಕ್ಕೆ ಅಲ್ಲಾಡದೆ ಕೂರುವವರೇ ಬೇಕು. ಕೆಲವರು ಒಪ್ಪಿದರು. ಕೆಲವರಿಗೆ ದೀಪ ಮೊದಲು ಹಚ್ಚದಿದ್ದರೆ ಹೇಗೆ ಅನ್ನಿಸಿತು, ಅವರು ಬೇರೆಯವರನ್ನು ಕರೆದರು. ಪರವಾಗಿಲ್ಲ.

ದನಿಗೆ ಮಾತಿನ ತರಬೇತಿ ಕೊಡುವವರ ಹತ್ತಿರ ಹೋದೆ. ಅವರು ಹೇಳಿದ್ದು ವಿಚಿತ್ರ. ನಿಮ್ಮ ದನಿ ಸಣ್ಣದಾಗಿದೆ ಅಂತ ನಿಮ್ಮ ಕಿವಿಗೇ ತಿಳಿಯುವುದಿಲ್ಲ, ನಿಮಗೆ ಕೂಗಿದ ಹಾಗೆ ಅನ್ನಿಸಿದರೆ ಅದು ಉಳಿದವರಿಗೆ ಸಾಮಾನ್ಯ ಮಾತು. ಹಾಗಾಗಿ ದಿನಾ ಬೆಳಿಗ್ಗೆ ಪಡಸಾಲೆಯಲ್ಲಿ ನಿಂತು ಒಂದೇ ಉಸಿರಿಗೆ "ಆ" ಅನ್ನುತ್ತೇನೆ, ಆಮೇಲೆ ಪೇಪರು ಓದುತ್ತೇನೆ. ಹೆಂಡತಿ ಹಿತ್ತಲ ಬಾಗಿಲಲ್ಲಿ ಕಾಯಿಪಲ್ಯ ಹೆಚ್ಚುತ್ತಾ ಕೂತಿರುತ್ತಾಳೆ. ಕೇಳದಿದ್ದರೆ ಈಳಿಗೆಮಣೆ ಬಿಟ್ಟು ಕೈ ಎತ್ತಬೇಕು. ಮೊದಮೊದಲು ಅವಳ ಕೈ ಇಳಿಯುತ್ತಲೇ ಇರಲಿಲ್ಲ. ಎದುರು ಮನೆಯವರು ನಾನು ಪ್ರವಚನ ಶುರುಮಾಡಿದೆ ಅಂದುಕೊಂಡಿದ್ದರು.

ಕಾಲಿಗೆ ಇನ್ನೊಂದು ಉಪಾಯ. ಬಾಗಿಲಿನ ಹತ್ತಿರ ಬಂದರೆ ಪಾದ ನೆಲಕ್ಕೆ ಅಂಟಿಬಿಡುತ್ತಿತ್ತು. ಮೆಟ್ಟಿಲು ಹತ್ತಬಲ್ಲೆ, ಸಪಾಟು ನೆಲದಲ್ಲಿ ನಿಂತುಬಿಡುತ್ತೇನೆ. ನೋಡಿದವರು ನಾಟಕ ಅಂದುಕೊಂಡಾರು! ಒಂದು ದಿನ ಹೊಸ್ತಿಲ ಮುಂದೆ ಹಾಗೇ ನಿಂತಿದ್ದೆ, ಅಂಗಳದಲ್ಲಿ ಹೆಂಡತಿ ಹಾಕಿದ ರಂಗೋಲಿ ಕಂಡಿತು. ತುಳಿಯಬಾರದು ಅಂತ ಕಾಲೆತ್ತಿ ದಾಟಿದೆ. ದಾಟಿದ ಮೇಲೆ ಹೊಳೆಯಿತು, ದಾಟಿದೆ ಅಂತ! ಕಣ್ಣಿಗೆ ಒಂದು ಗೆರೆ ಕಂಡರೆ ಮಿದುಳು ಬೇರೆ ದಾರಿಯಿಂದ ಕಾಲಿಗೆ ಹೇಳುತ್ತದೆ. ಫಿಸಿಯೋಥೆರಪಿಸ್ಟ್ ಹೌದು ಅಂದರು. ಈಗ ಬಚ್ಚಲಿನ ದಾರಿಯಲ್ಲಿ, ಮಲಗುವ ಕೋಣೆಯ ಬಾಗಿಲಲ್ಲಿ, ಒಂದೊಂದು ಹೆಜ್ಜೆಗೆ ಒಂದರ ಹಾಗೆ ಹಳದಿ ಟೇಪಿನ ಗೆರೆ. ಹೊರಗೆ ಗೆರೆ ಇಲ್ಲದ ಕಡೆ ತಾಳ. ಮನಸ್ಸಿನಲ್ಲೇ "ಧಾ ಧಿಂ ಧಿಂ ಧಾ" ಅಂತ ತೀನ್‌ತಾಳ ಎಣಿಸಿ ಸಮದ ಮೇಲೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಹೆಜ್ಜೆ ಎತ್ತುತ್ತೇನೆ. ಸಂಗೀತ ಬರುವುದಿಲ್ಲ, ಆದರೆ ಧಾರವಾಡದಲ್ಲಿ ಅರವತ್ತು ವರ್ಷ ಇದ್ದರೆ ತೀನ್‌ತಾಳ ತಾನಾಗಿ ಕಿವಿಗೆ ಬಿದ್ದಿರುತ್ತದೆ. ತಿರುಗುವಾಗ ಮಾತ್ರ ಗಕ್ಕನೆ ತಿರುಗಬಾರದು, ಲಾರಿಯ ಹಾಗೆ ದೊಡ್ಡ ಸುತ್ತು ಹಾಕಬೇಕು. ನಾನು ಎರಡು ಸಲ ಬಿದ್ದಿದ್ದು ಎರಡೂ ತಿರುಗುವಾಗಲೇ.

ಇನ್ನು ಹೇಳಲು ಸಂಕೋಚ ಆಗುವ ಒಂದು ಸಂಗತಿ. ಮೂರನೆಯ ವರ್ಷ ಲೆವೊಡೋಪಾ ಜೊತೆ ಪ್ರಾಮಿಪೆಕ್ಸೋಲ್ ಅಂತ ಇನ್ನೊಂದು ಗುಳಿಗೆ ಸೇರಿತು. ಡೋಪಮಿನ್ನಿನ ವೇಷ ಹಾಕಿ ಕೆಲಸ ಮಾಡುವ ಔಷಧಿ. ನಡಿಗೆ ಚೆನ್ನಾಯಿತು. ಅದರ ಜೊತೆ ನಾನು ರಾತ್ರಿ ಎರಡಕ್ಕೆ ಎದ್ದು ಟ್ರಂಕು ತೆಗೆದು ಗಿಡದ ಹಾಳೆಗಳನ್ನು ಜೋಡಿಸತೊಡಗಿದೆ. ಕುಟುಂಬದ ಪ್ರಕಾರ, ಆಮೇಲೆ ಕೂಡಿಸಿದ ವರ್ಷದ ಪ್ರಕಾರ, ಆಮೇಲೆ ಹಾಳೆಯ ಬಣ್ಣದ ಪ್ರಕಾರ! ಬೆಳಗಾಗುವ ತನಕ. ಜೊತೆಗೆ ಫೋನಿನಲ್ಲಿ ಹಳೆಯ ಪುಸ್ತಕ ಕೊಳ್ಳುವ ಹುಚ್ಚು. ಎರಡು ತಿಂಗಳಲ್ಲಿ 40 ಸಾವಿರಕ್ಕೂ ಜಾಸ್ತಿ ಹೋಯಿತು, ಒಂದೇ ಪುಸ್ತಕದ ಮೂರು ಪ್ರತಿ ಬಂದವು. ನನಗೆ ಅದೆಲ್ಲ ಉತ್ಸಾಹ ಅನ್ನಿಸುತ್ತಿತ್ತು, ನಿವೃತ್ತಿಯ ಕನಸು ನನಸಾಗುತ್ತಿದೆ ಅಂತ. ಪ್ರಾಧ್ಯಾಪಕ ರಾತ್ರಿಯೆಲ್ಲ ಓದಿ ಪುಸ್ತಕ ಕೊಂಡರೆ ಯಾರಿಗೆ ಅನುಮಾನ ಬರುತ್ತದೆ ಹೇಳಿ? ಬ್ಯಾಂಕಿನ ಮೆಸೇಜು ನೋಡಿ ಮಗಳಿಗೆ ಬಂತು. ಡಾಕ್ಟರಿಗೆ ಫೋನ್ ಮಾಡಿದಳು. ಈ ಜಾತಿಯ ಗುಳಿಗೆ ಕೆಲವರಲ್ಲಿ ಹೀಗೆ ಮಾಡುತ್ತದೆ, ಕೊಳ್ಳುವ, ಜೂಜಾಡುವ, ತಿನ್ನುವ, ಜೋಡಿಸುತ್ತಲೇ ಇರುವ ಚಟ. ನಿಧಾನವಾಗಿ ಇಳಿಸಿ ನಿಲ್ಲಿಸಿದರು, ಇಂಥದ್ದನ್ನು ನಾವೇ ದಿಢೀರಂತ ಬಿಡಬಾರದು. ಆರು ವಾರದಲ್ಲಿ ನಿದ್ದೆ ಬಂತು. ಈ ಗುಳಿಗೆ ತಿನ್ನುವವರು ಮನೆಯಲ್ಲಿದ್ದರೆ ಅವರನ್ನು ಕೇಳಬೇಡಿ, ಅವರಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿರುವವರನ್ನು ಕೇಳಿ.

ಕಾಗದ ಪತ್ರದ್ದು ಬೇಗ ಹೇಳಿಬಿಡುತ್ತೇನೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬಹುದು. ಆದಾಯ ತೆರಿಗೆಯಲ್ಲಿ ಹಳೆಯ ಪದ್ಧತಿಯಲ್ಲಿದ್ದಾಗ 80ಡಿಡಿಬಿ ಕಲಮಿನ ಅಡಿ ಹಿರಿಯ ನಾಗರಿಕರಿಗೆ 1 ಲಕ್ಷದವರೆಗಿನ ಚಿಕಿತ್ಸೆ ಖರ್ಚು ತೋರಿಸುವ ಅವಕಾಶ ಇತ್ತು, ಅದಕ್ಕೆ ಅಂಗವಿಕಲತೆ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಅಂತ ತಜ್ಞರು ಬರೆದುಕೊಡಬೇಕಿತ್ತು. ಪೆನ್ಶನ್ ಖಾತೆಯನ್ನು ಹೆಂಡತಿಯ ಜೊತೆ ಜಂಟಿ ಮಾಡಿಸಿದೆ, ಇಬ್ಬರಲ್ಲಿ ಯಾರ ಸಹಿಯಾದರೂ ನಡೆಯುವ ಹಾಗೆ. ನವೆಂಬರಿನ ಜೀವಂತ ಪ್ರಮಾಣಪತ್ರ ಮಾತ್ರ ಪ್ರತಿ ವರ್ಷ ತಮಾಷೆ. ಒಂದು ವರ್ಷ ಫೋನಿನಲ್ಲಿ ಮುಖ ತೋರಿಸಿ ಮಾಡೋಣ ಅಂತ ಕೂತೆವು. ಕಣ್ಣು ಮಿಟುಕಿಸಿ ಅಂತಿತ್ತು. ಈ ರೋಗದಲ್ಲಿ ಕಣ್ಣು ಮಿಟುಕುವುದೇ ಕಡಿಮೆ. ನಾಲ್ಕು ಸಲ ನನ್ನನ್ನು ಒಪ್ಪಲಿಲ್ಲ. ಕೊನೆಗೆ ಹೆಂಡತಿ ಪಕ್ಕದಲ್ಲಿ ಚಪ್ಪಾಳೆ ತಟ್ಟಿದಳು, ಬೆಚ್ಚಿ ಮಿಟುಕಿಸಿದೆ, ಬದುಕಿದ್ದೇನೆ ಅಂತ ದಾಖಲಾಯಿತು.

ಅವಳ ಬಗ್ಗೆ ಬರೆಯದೆ ಇದು ಮುಗಿಯುವುದಿಲ್ಲ. ನಮ್ಮಿಬ್ಬರಿಗೂ ಜಗಳ ಬಂದಿದ್ದು ಗುಂಡಿಯ ವಿಷಯಕ್ಕೆ. ನಾನು ಅಂಗಿ ಗುಂಡಿಗೆ ಒದ್ದಾಡುತ್ತಿದ್ದರೆ ಅವಳು ಬಂದು ಪಟಪಟ ಹಾಕಿಬಿಡುತ್ತಿದ್ದಳು. ನಾನು ಒಂದು ವಾಕ್ಯ ಶುರುಮಾಡಿದರೆ ಅವಳು ಮುಗಿಸುತ್ತಿದ್ದಳು. ಒಂದು ದಿನ ಕೂಗಿದೆ, ಆ ಹೊತ್ತಿಗೆ ದನಿ ಎಲ್ಲಿಂದ ಬಂತೋ. ಅವಳೂ ಕೂಗಿದಳು. "ಒಲಿ ಮ್ಯಾಲ ಹಾಲು ಇಟ್ಟು ನಿಮ್ಮ ಗುಂಡಿ ಎಷ್ಟೊತ್ತು ನೋಡ್ಲಿ?" ನ್ಯಾಯವೇ. ಸಂಜೆ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ನಾನು "ತಡಿ" ಅಂದರೆ ಅವಳು ಮುಟ್ಟುವುದಿಲ್ಲ. "ಹಿಡಿ" ಅಂದರೆ ಬರುತ್ತಾಳೆ. ಎರಡೂ ಅನ್ನದಿದ್ದರೆ ಹಾಲು ನೋಡಿಕೊಳ್ಳುತ್ತಾಳೆ. ಗುರುವಾರ ಮತ್ತು ಭಾನುವಾರ ಮಧ್ಯಾಹ್ನ ಅವಳಿಗೆ ರಜೆ, ಅಕ್ಕನ ಮನೆಗೋ ಭಜನೆಗೋ ಹೋಗುತ್ತಾಳೆ, ಆಗ ಪಕ್ಕದ ಮನೆಯ ಹುಡುಗ ನನ್ನ ಜೊತೆ ಕೂತು ಹೋಂವರ್ಕ್ ಮಾಡುತ್ತಾನೆ. ಅಂಗಿ ಹೋಗಿ ಜುಬ್ಬಾ ಬಂದಿದೆ. ಚಹಾ ಅರ್ಧ ಕಪ್ಪು, ಎರಡು ಸಲ.

ದಪ್ಪ ಪುಸ್ತಕ ಆಗುವುದಿಲ್ಲ ಅಂತ ಒಪ್ಪಿಕೊಳ್ಳಲು ನನಗೆ ನಾಲ್ಕು ವರ್ಷ ಬೇಕಾಯಿತು. ದಿನಕ್ಕೆ ತಲೆಯ ಕೆಲಸಕ್ಕೆ ಸಿಗುವುದು ಒಂದು ಪೀರಿಯಡ್ಡು, ವಾರಕ್ಕೆ ಆರು. ಅಷ್ಟರಲ್ಲಿ ಏನು ಆಗುತ್ತದೆ ಅಂತ ಲೆಕ್ಕ ಹಾಕಿದೆ. ಹಾಳೆಗಳಿಗೆ ಹೆಸರು ಹಚ್ಚಿ, ಫೋಟೋ ತೆಗೆಸಿ, ಒಂದು ಕಾಲೇಜಿಗೆ ಕೊಡುವುದು, ಇಷ್ಟು ಆಗುತ್ತದೆ. ಎಂಎಸ್ಸಿ ಓದುವ ಒಬ್ಬ ಹುಡುಗಿ ವಾರಕ್ಕೆ ಎರಡು ದಿನ 10.15ಕ್ಕೆ ಬರುತ್ತಾಳೆ. ನಾನು ಹೇಳುತ್ತೇನೆ, ಅವಳು ಬರೆಯುತ್ತಾಳೆ. ಕೆಲವು ಹೆಸರು ನಾಲಿಗೆ ತುದಿಗೆ ಬಂದು ನಿಲ್ಲುತ್ತವೆ. ಅವಳು ಕಾಯುತ್ತಾಳೆ, ಅವಳಿಗೂ "ತಡಿ" ಕಲಿಸಿದ್ದೇನೆ. ಆರು ಟ್ರಂಕಿನಲ್ಲಿ ನಾಲ್ಕು ಮುಗಿದಿವೆ.

ಹೋದ ತಿಂಗಳು ಹಳಿಯಾಳ ಕಡೆಯಿಂದ ಅವಳೇ ಒಂದು ಹಸಿ ಗಿಡ ತಂದಿದ್ದಳು. ಚೌಕಾಕಾರದ ಕಾಂಡ, ಎದುರುಬದುರು ಎಲೆ, ನೇರಳೆ ಛಾಯೆಯ ಸಣ್ಣ ಹೂವಿನ ತೆನೆ. ತುಳಸಿ ಕುಟುಂಬ, ಅಷ್ಟು ಕಣ್ಣಿಗೇ ತಿಳಿಯಿತು. ಮುಂದೆ ಹೋಗಲು ಮೂಗು ಬೇಕಿತ್ತು. "ಎಲೆ ತಿಕ್ಕಿ ಮೂಸಿ ಹೇಳು" ಅಂದೆ. ಅವಳು ಮೂಸಿದಳು, ಕಣ್ಣು ಮುಚ್ಚಿದಳು, ಮತ್ತೆ ಮೂಸಿದಳು. "ತುಳಸಿ ಅಲ್ರಿ ಸರ. ನಮ್ಮಜ್ಜಿ ಟ್ರಂಕಿನ್ಯಾಗಿನ ಸೀರಿ ವಾಸನಿ ಬರಾಕತ್ತೈತ್ರಿ."

ಪಚ್ಚೆತೆನೆಯ ಬಳಗ, ಸಸ್ಯಶಾಸ್ತ್ರದಲ್ಲಿ ಪೊಗೊಸ್ಟೆಮಾನ್. ಒಂದು ಕಾಲಕ್ಕೆ ಕಾಶ್ಮೀರದ ಶಾಲುಗಳನ್ನು ವಿಲಾಯಿತಿಗೆ ಕಳಿಸುವಾಗ ಹುಳ ಬೀಳದಿರಲಿ ಅಂತ ಮಡಿಕೆಗಳ ನಡುವೆ ಪಚ್ಚೆತೆನೆಯ ಎಲೆ ಇಡುತ್ತಿದ್ದರು. ಅವಳ ಅಜ್ಜಿಗೂ ಗೊತ್ತಿತ್ತೇನೋ. ಇದನ್ನೆಲ್ಲ ಅವಳಿಗೆ ಹೇಳಿದೆ, ಜೋರಾಗಿ, ಹಿತ್ತಲ ಬಾಗಿಲಿಗೂ ಕೇಳುವ ಹಾಗೆ. ನನಗೆ ತುಂಬಾ ನಗು ಬಂದಿತ್ತು. ಅವಳು ತಲೆಯೆತ್ತಿ ನನ್ನ ಮುಖ ನೋಡಿ, "ಸರ, ನಗಾಕತ್ತೀರಲ್ರಿ?" ಅಂದಳು.

ಹೌದು ಅಂದೆ. ವಾಸನೆಯ ಕಾಲಂನಲ್ಲಿ ಅಜ್ಜಿಯ ಟ್ರಂಕು ಅಂತಲೇ ಬರೆ ಅಂದೆ. ಬರೆದಳು.